‘ಸಂಜಿಮುಂದ’ ಹಾಡಿದವಳು

ಮುಂಬೈ
12 ಜನವರಿ 2004

ಅಕ್ಕಾ,

ನಮಸ್ಕಾರ. ಫೋನ್ ಇದ್ದೂ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಏನೂ ಆಗಿಲ್ಲ. ಹೊಸ ಆಲ್ಬಮ್ಮಿನ ಕೆಲಸ ಶುರುವಾಗಿದೆ. ಬೆಳಿಗ್ಗೆ ಸ್ಟುಡಿಯೋ ಒಳಗೆ ಹೋದರೆ ಹೊರಬರುವ ಹೊತ್ತಿಗೆ ಹಡಗಲಿಯಲ್ಲಿ ನೀವೆಲ್ಲ ಮಲಗಿರುತ್ತೀರಿ. ಅದಕ್ಕೇ ಇನ್ನು ಕೆಲವು ತಿಂಗಳು ಕಾಗದವೇ. ನೀನು ಮದುವೆಯಾಗಿ ಹಡಗಲಿಗೆ ಹೋದ ಹೊಸದರಲ್ಲಿ ನಾನು ಕೊಟ್ಟೂರಿನಿಂದ ಬರೆಯುತ್ತಿರಲಿಲ್ಲವೇ? ಹಾಗೆ ಅಂದುಕೋ.

ಈ ಸಲದ ಹಾಡುಗಳು ಬೇರೆ ಥರ. ಇಷ್ಟು ವರ್ಷ ಕುಣಿಯುವವರಿಗಾಗಿ ಹಾಡಿದೆ. ಮದುವೆ ಮೆರವಣಿಗೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ ನನ್ನ ದನಿ ಕೇಳಿ ಕೇಳಿ ನಿನಗೂ ಸಾಕಾಗಿರಬೇಕು. ಈಗಿನದು ಅಮೆರಿಕದ ಕಪ್ಪು ಜನರ ಹಳೆಯ ಹಾಡಿನ ದಾರಿ. ಜಾಜ್ ಅಂತಾರೆ, ಸೋಲ್ ಅಂತಾರೆ. ನಾವು ಹುಟ್ಟುವ ಮೊದಲಿನದು. ಕೈತಾನ್ ಅಂಕಲ್ ಅಂತ ಗೋವಾದ ಹಿರಿಯರೊಬ್ಬರು ಸಿಕ್ಕಿದ್ದಾರೆ. ಹರೆಯದಲ್ಲಿ ಇಲ್ಲಿನ ದೊಡ್ಡ ಹೋಟೆಲುಗಳಲ್ಲಿ ಟ್ರಂಪೆಟ್ ಊದಿದವರು, ಆಮೇಲೆ ಸಿನಿಮಾ ಹಾಡುಗಳಿಗೆ ಊದಿದರು. ಕೀಬೋರ್ಡ್ ಬಂದ ಮೇಲೆ ಯಾರೂ ಕರೆಯಲಿಲ್ಲ. ಅವರ ಮನೆಯ ತುಂಬ ಆ ಕಾಲದ ರೆಕಾರ್ಡುಗಳು. ಹೋಗಿ ಕೂತರೆ ಏಳಲು ಮನಸ್ಸಾಗುವುದಿಲ್ಲ.

ಜಾಜ್‌ನಲ್ಲಿ ನಿನ್ನೆ ಹಾಡಿದ ಹಾಗೆ ಇವತ್ತು ಹಾಡಬಾರದಂತೆ. ಸೋಲ್ ಅಂದರೆ, ಗುಡಿಯಲ್ಲಿ ದೇವರಿಗೆ ಮೊರೆಯಿಡುವ ದನಿಯಲ್ಲೇ ಬಿಟ್ಟುಹೋದ ಗಂಡನನ್ನು ಕರೆಯುವುದು, ಬೈಯುವುದು. ಒಬ್ಬಳು ಎತ್ತಿಕೊಡುತ್ತಾಳೆ, ಹಿಂದಿನವರು ಹಿಡಿಯುತ್ತಾರೆ. ಕೊಟ್ಟೂರಿನ ಸೋಮವಾರದ ಭಜನೆಯಲ್ಲಿ ನೀನು ಎತ್ತಿಕೊಟ್ಟು ನಾನು ಹಿಡಿಯುತ್ತಿದ್ದೆನಲ್ಲ, ಹೆಚ್ಚುಕಡಿಮೆ ಅದೇ. ಹಾಡುಗಳನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಸಿದ್ದೇನೆ. ಬೆಂಗಳೂರಿನ ಕ್ಯಾಸೆಟ್ ಕಂಪನಿಯವರು ಮುಖ ಸಿಂಡರಿಸಿದರು. ನಾನು ಬಿಡಲಿಲ್ಲ. ಆಲ್ಬಮ್ಮಿನ ಹೆಸರು ‘ಸಂಜಿಮುಂದ’. ‘ಸಂಜೆ ಹೊತ್ತು’ ಅಂತ ಇಡಿ ಅಂದರು, ಕೇಳಲಿಲ್ಲ.

ಅವ್ವನಿಗೆ ಹೇಳು. ನಿನ್ನ ಮಗಳ ಬಿ.ಎ. ಮುಗಿಯಿತಲ್ಲ, ರತ್ನ ಮುಂದೇನು ಮಾಡುತ್ತಾಳಂತೆ?

ನಿನ್ನ
ಸುಕನ್ಯಾ


ಹೂವಿನಹಡಗಲಿ
24 ಜನವರಿ 2004

ಸುಕನ್ಯಾ,

ನಿನ್ನ ಕಾಗದ ಮುಟ್ಟಿತು. ಓದಿ ಸಂತೋಷವೂ ಆಯಿತು, ಸಿಟ್ಟೂ ಬಂತು. ಸಂತೋಷದ್ದು ಆಮೇಲೆ ಬರೆಯುತ್ತೇನೆ.

ಕಾಗದ ಬಂದ ದಿನವೇ ನಿನ್ನ ಮನೆಗೆ ಫೋನ್ ಮಾಡಿದೆ. ನಿನ್ನ ಮನೆಗೆಲಸದ ಎರ್ರೆಮ್ಮ ಎತ್ತಿದಳು. ‘ಅಕ್ಕಾರು ಮಾತಾಡಂಗಿಲ್ರಿ’ ಅಂದಳು. ‘ಮನ್ಯಾಗ ಅದಾಳೇನು?’ ಅಂದೆ. ‘ಅದಾರ್ರಿ, ಮಾತಾಡಂಗಿಲ್ರಿ’ ಅಂದಳು. ಕೂಡ್ಲಿಗಿ ಕಡೆಯ ಹೆಣ್ಣುಮಗಳು, ಸುಳ್ಳು ಹೇಳಲು ಬರುವುದಿಲ್ಲ ಪಾಪ. ಮನೆಯಲ್ಲಿದ್ದುಕೊಂಡು ಅಕ್ಕನ ಹತ್ತಿರ ಮಾತಾಡದಷ್ಟು ದೊಡ್ಡವಳಾದೆಯಾ? ಇವರಿಗೆ ಹೇಳಿದರೆ, ‘ಬಿಡ, ಆಕಿಗೆ ಅಲ್ಲೆ ನೂರೆಂಟು ಕೆಲಸ ಇರ್ತಾವ’ ಅಂದು ಮಲ್ಲಿಗೆ ಮೂಟೆ ಲೆಕ್ಕಕ್ಕೆ ಹೋದರು. ನಿನ್ನ ಮಾವನಿಗೆ ಹೂವಿನ ವ್ಯಾಪಾರ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಆದರೆ ನನಗೆ ಬೇಜಾರಾಯಿತು, ಹೇಳಿದ್ದೇನೆ.

ಇನ್ನೊಂದು. ಸಂಜೆ ಹೊತ್ತು ಮನೆಯ ಫೋನ್ ಹೊಡೆದುಕೊಳ್ಳುತ್ತದೆ. ಎತ್ತಿ ‘ಯಾರ್ರೀ?’ ಅಂದರೆ ಆ ಕಡೆ ಮಾತಿಲ್ಲ. ಯಾರೋ ಪೋಲಿಗಳು ರತ್ನಳಿಗೆ ಮಾಡುತ್ತಿದ್ದಾರೆ ಅಂತ ಇವರು ರೇಗುತ್ತಿದ್ದಾರೆ.

ಹೊಸ ಹಾಡಿನ ವಿಷಯ ಅವ್ವನಿಗೆ ಓದಿ ಹೇಳಿದೆ. ‘ಅದು ಹೋಟ್ಲಾಗ ಕುಡುಕರ ಮುಂದ ಹಾಡೋದಲ್ಲೇನು?’ ಅಂದಳು. ಆಮೇಲೆ ತಾನೇ, ‘ನಮ್ಮಾಕಿ ಹಾಡಿದ್ರ ಚಲೋನ ಇರತೈತಿ ಬಿಡು’ ಅಂದಳು.

ಸುಕ್ಕೂ, ಕ್ಯಾಸೆಟ್ಟಿನ ಮೇಲೆ ನಿನ್ನ ಫೋಟೋ ಹಾಕುತ್ತಾರಲ್ಲ, ಈ ಸಲ ಸೀರೆ ಉಟ್ಟದ್ದು ಹಾಕಿಸು. ತುಂಬು ಸೆರಗು ಇರಲಿ. ಯಾಕೆ ಅಂತ ಕೇಳಬೇಡ, ನನಗೆ ಹಾಗೆ ಅನಿಸಿತು, ಅಷ್ಟೆ. ಮನೆಗೆ ಸುಣ್ಣ ಹೊಡೆಸುತ್ತಿದ್ದೇವೆ, ಎಲ್ಲ ಸಾಮಾನು ಅಂಗಳದಲ್ಲಿದೆ. ರತ್ನ ಚೆನ್ನಾಗಿದ್ದಾಳೆ. ಮುಂದಿನದು ನೋಡೋಣ.

ನಿನ್ನ ಅಕ್ಕ
ಗಂಗಾಂಬಿಕಾ


ಮುಂಬೈ
9 ಫೆಬ್ರವರಿ 2004

ಅಕ್ಕಾ,

ಬೈದದ್ದು ಸರಿ, ಆದರೆ ಎರ್ರೆಮ್ಮನನ್ನು ಬೈಯಬೇಡ. ಕೆಲಸದ ಗುಂಗಿನಲ್ಲಿ ಯಾರ ಹತ್ತಿರವೂ ಮಾತು ಬೇಡ ಎಂದು ನಾನೇ ಅವಳಿಗೆ ಹೇಳಿದ್ದೆ. ನಿನ್ನನ್ನು ಆ ‘ಯಾರ’ಲ್ಲಿ ಸೇರಿಸಬಾರದಿತ್ತು.

ಫೋಟೋ ಆಗಲೇ ತೆಗೆದಾಯಿತಲ್ಲ ಮಾರಾಯ್ತಿ! ಸೀರೆಯಲ್ಲ. ಆ ಕಾಲದ ಹಾಡುಗಾರ್ತಿಯರು ಹಾಕುತ್ತಿದ್ದಂಥ ಕರಿ ಗೌನು, ಪಾದದವರೆಗೆ. ತೋಳಿಲ್ಲ, ನಿಜ. ಎದುರಿಗೆ ಹಳೆಯ ಕಬ್ಬಿಣದ ಮೈಕು, ಹಿಂದೆ ಹೊಗೆ. ಚೆನ್ನಾಗಿ ಬಂದಿದೆ. ನನ್ನ ಮೂಗು ಅಪ್ಪನದೇ ಅಂತ ಗೊತ್ತಾಗುತ್ತದೆ. ನಿನಗೆ ಇದ್ದಕ್ಕಿದ್ದಂತೆ ಸೆರಗಿನ ಚಿಂತೆ ಯಾಕೆ ಹತ್ತಿತು? ಸುಣ್ಣದ ಜೊತೆ ಮಡಿಯೂ ಬಂತೇ?

ಮೊನ್ನೆ ಆಲ್ಬಮ್ಮಿನ ಮೊದಲ ಹಾಡು ಮುಗಿಸಿದೆವು.

ಸಂಜಿಮುಂದ ಯಾರ ನೆನಪ,
ದೀಪ ಹಚ್ಚಾಕ ಕೈ ಬರವಲ್ದು.

ಇದನ್ನು ಮೇಲಿನ ಸ್ವರಕ್ಕೆ ಒಯ್ಯಬೇಕು ಅಂತ ಸಂಗೀತ ಜೋಡಿಸುವ ಹುಡುಗ ಹಟ ಹಿಡಿದ. ಬೇಡ ಅಂದೆ. ಕೆಳಗೇ, ಮಾತಾಡಿದ ಹಾಗೆ ಹಾಡಿದೆ. ಕೈತಾನ್ ಅಂಕಲ್ ಟ್ರಂಪೆಟ್ಟಿನ ಬಾಯಿಗೆ ಬಟ್ಟಲು ಮುಚ್ಚಿ ಊದಿದರು. ಅಳುವುದನ್ನು ಯಾರಿಗೂ ತೋರಿಸದ ಗಂಡಸು ಗೋಡೆಯ ಆಚೆ ನಿಂತು ಅತ್ತ ಹಾಗೆ ಕೇಳುತ್ತದೆ. ‘ಹಚ್ಚಾಕ’ ಅನ್ನುವಲ್ಲಿ ನನ್ನ ದನಿ ಒಡೆಯಿತು. ಅಳಿಸಿ ಇನ್ನೊಮ್ಮೆ ಹಾಡುತ್ತೇನೆ ಎಂದರೆ, ಕಂಪನಿಯವರು ಗಾಜಿನ ಆಚೆಯಿಂದ ಎದ್ದು ಬಂದು ಚಪ್ಪಾಳೆ ತಟ್ಟಿದರು. ‘ಈ ಒಡಕು ಎಲ್ಲಿಂದ ತಂದ್ರಿ ಮೇಡಂ? ಇದೇ ಬೇಕು’ ಅಂದರು. ನಗು ಬಂತು ನನಗೆ.

ಉಳಿದ ಹಾಡುಗಳನ್ನು ಬೇಗ ಮುಗಿಸಬೇಕು. ಬೇಗ ಅಂದರೆ ತುಂಬ ಬೇಗ. ಮಾರ್ಚಿನಲ್ಲಿ ಬಿಡುಗಡೆ.

ನಿನ್ನ
ಸುಕ್ಕು


ಹೂವಿನಹಡಗಲಿ
11 ಮಾರ್ಚ್ 2004

ಸುಕನ್ಯಾ,

ಇದನ್ನು ಹೇಗೆ ಬರೆಯಲಿ ಎಂದು ವಾರದಿಂದ ಯೋಚಿಸುತ್ತಿದ್ದೇನೆ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ರತ್ನಳಿಗೆ ಗಂಡು ಗೊತ್ತಾಗಿದೆ. ಹರಪನಹಳ್ಳಿಯಲ್ಲಿ ಕಾಳುಕಡಿಯ ಅಡತಿ ಅಂಗಡಿ ಇರುವ ಗುರುಸಂಗಪ್ಪನವರ ಎರಡನೆಯ ಮಗ. ಹುಡುಗ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ರತ್ನಳಿಗೆ ಒಪ್ಪಿಗೆ. ಬರಿ ಒಪ್ಪಿಗೆಯಲ್ಲ, ಅವನ ಹೆಸರು ಬಂದರೆ ಮುಖ ಮುಚ್ಚಿಕೊಂಡು ಒಳಗೆ ಓಡುತ್ತಾಳೆ. ಸಂಕ್ರಾಂತಿಯಲ್ಲೇ ಮಾತು ನಡೆದಿತ್ತು. ನಿನಗೆ ಬರೆಯಲಿಲ್ಲ. ನಿಶ್ಚಯ ಗಟ್ಟಿಯಾಗಲಿ ಅಂತ ಇವರು ತಡೆದರು, ನಾನೂ ಸುಮ್ಮನಾದೆ. ಮೇ ಕೊನೆಗೆ ಲಗ್ನ.

ಹೋದ ವಾರ ಬೀಗರು ಮನೆಗೆ ಬಂದಿದ್ದರು. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಟಿ.ವಿ.ಯಲ್ಲಿ ನಿನ್ನ ಹಾಡು ಬಂತು. ನಾನು ಮೊದಲ ಸಲ ಕೇಳಿದ್ದು ಅವತ್ತೇ, ಎಲ್ಲರ ನಡುವೆ ಕೂತು. ಗುರುಸಂಗಪ್ಪನವರು ನೋಡಿ, ‘ಈ ಹೆಣ್ಮಗಳ್ದು ನಮ್ಮೂರು ಬಸ್ ಸ್ಟ್ಯಾಂಡ್ನಾಗೂ ದೊಡ್ಡ ಪೋಸ್ಟರ್ ಅಂಟ್ಸಿದಾರೆ. ಕೊಟ್ಟೂರಿನವ್ಳು ಅಂತಾರಪ್ಪ. ನಿಮ್ಗೇನಾದ್ರೂ ಆಗ್ಬೇಕಾ?’ ಅಂದರು. ಇವರು, ‘ದೂರದ ಸಂಬಂಧರಿ’ ಅಂದುಬಿಟ್ಟರು. ಆ ಕಡೆಯ ಹಿರಿಯ ಹೆಂಗಸು, ‘ದನಿ ಕೇಳಿದ್ರೆ ಗೊತ್ತಾಗಲ್ವಾ, ಕುಡ್ದಿರೋ ದನಿ’ ಅಂದರು. ನಾನು ತಟ್ಟೆಯಲ್ಲಿದ್ದ ಅಡಿಕೆ ಆರಿಸುತ್ತ ಕೂತಿದ್ದೆ. ಅವ್ವ ಎದ್ದು ಹಿತ್ತಲಿಗೆ ಹೋದಳು. ಅವಳಿಗೂ ಸಿಟ್ಟು ಬಂದಿದೆ. ಅವತ್ತಿನಿಂದ ನಿನ್ನ ಹೆಸರೆತ್ತಿಲ್ಲ.

ನಿನಗೆ ಸುಳ್ಳು ಹೇಳಲಾರೆ. ಆ ದನಿ ನನ್ನ ತಂಗಿಯದು ಅಂತ ನನಗೂ ಒಂದು ಕ್ಷಣ ಗುರುತು ಸಿಗಲಿಲ್ಲ. ಎಂಥ ದನಿಯಿತ್ತು ನಿನ್ನದು! ನಿಜ ಹೇಳು, ಅಲ್ಲಿ ಕುಡಿಯುವುದು, ಸೇದುವುದು ಕಲಿತೆಯಾ? ಅದಕ್ಕೇ ಫೋನಿನಲ್ಲಿ ಮಾತಾಡುವುದಿಲ್ಲವಾ?

ಮದುವೆಗೆ ನೀನು ಬರುವುದು ಬೇಡ ಅಂತ ಇವರು ಹೇಳುತ್ತಿದ್ದಾರೆ. ಲಗ್ನ ಆಗಿ ಹೋದ ಮೇಲೆ ಒಮ್ಮೆ ಬಂದು ರತ್ನಳನ್ನು ನೋಡಿಕೊಂಡು ಹೋಗು. ನನಗೂ ಅದೇ ಒಳ್ಳೆಯದು ಅನಿಸುತ್ತದೆ. ಮಗಳ ಬದುಕು, ಸುಕ್ಕೂ. ಅರ್ಥ ಮಾಡಿಕೋ.

ಗಂಗಾಂಬಿಕಾ


ಮುಂಬೈ
20 ಮಾರ್ಚ್ 2004

ಸೌಭಾಗ್ಯವತಿ ಗಂಗಾಂಬಿಕಾ ಅವರಿಗೆ,

ಮದುವೆಯ ಸುದ್ದಿ ತಿಳಿದು ಸಂತೋಷವಾಯಿತು. ನಾನು ಬರುವುದಿಲ್ಲ. ಈ ವಿಷಯದಲ್ಲಿ ಮನೆಯವರು ನಿಶ್ಚಿಂತೆಯಿಂದ ಇರಬಹುದು.

ನಾನು ಕುಡಿಯುವುದಿಲ್ಲ. ಸೇದುವುದೂ ಇಲ್ಲ.

ನಾಗರತ್ನಳಿಗೆ ಶುಭವಾಗಲಿ.

ಇತಿ,
ದೂರದ ಸಂಬಂಧದ
ಸುಕನ್ಯಾ


ಹೂವಿನಹಡಗಲಿ
8 ಏಪ್ರಿಲ್ 2004

ಸುಕ್ಕೂ,

ನಿನ್ನ ನಾಲ್ಕು ಸಾಲು ಓದಿದ ದಿನ ನಾನು ಊಟ ಮಾಡಲಿಲ್ಲ. ನನಗೇ ನಾನು ಸಮಾಧಾನ ಹೇಳಿಕೊಂಡೆ: ಸಿಟ್ಟು ಇಳಿದ ಮೇಲೆ ಬರೆಯುತ್ತಾಳೆ, ದವನದ ಹುಣ್ಣಿಮೆಗೆ ಬರೆಯುತ್ತಾಳೆ. ಹುಣ್ಣಿಮೆಯೂ ಬಂತು. ಹೋಳಿಗೆ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಅವ್ವ, ‘ಸಣ್ಣಾಕಿ ಗಂಟಲಕ್ಕ ಏನಾಗೇತಿ ಕೇಳಿದೇನು?’ ಅಂದಳು.

‘ಗಂಟಲಕ್ಕ ಏನಾಗತೈತಿ? ಆಕಿ ಹಾಡೋದು ಹಂಗ’ ಅಂದೆ.

‘ಇಲ್ಲಬೇ. ಆಕಿ ಕೂಸಿದ್ದಾಗ ಗಂಟಲಮಾರಿ ಬಂದಿತ್ತು. ಜೀವಕ್ಕ ಬಂದಿತ್ತು. ಆವಾಗ ಹಿಂಗ ಅಳತಿದ್ಲು. ಅವತ್ತು ಟಿ.ವಿ.ಯಾಗ ಆ ಹಾಡು ಕೇಳಿ ನನಗ ಕುಂಡ್ರಾಕ ಆಗಲಿಲ್ಲ, ಎದ್ದು ಹ್ವಾದೆ. ನನ ಮಗಳು ನೋವಿನಾಗ ಅದಾಳ’ ಅಂದಳು.

ಅವ್ವನಿಗೆ ಸಿಟ್ಟು ಬಂದಿದೆ ಅಂತ ನಾನು ನಿನಗೆ ಬರೆದೆನಲ್ಲ! ಒಂದೇ ಮನೆಯಲ್ಲಿದ್ದು ಅವಳ ಮುಖ ನೋಡಿ ನನಗೆ ಅಷ್ಟೂ ತಿಳಿಯಲಿಲ್ಲ.

ಆಗಲೇ ಫೋನ್ ಮಾಡಿದೆ. ಎರ್ರೆಮ್ಮ ಮತ್ತೆ ಅದೇ ರಾಗ ತೆಗೆದಳು. ‘ನಿನ್ನ ಮಕ್ಕಳ ಆಣಿ ಐತಿ, ಖರೇ ಹೇಳು’ ಅಂದೆ. ಅವಳು ಅತ್ತಳು. ‘ನಾ ಮೊದಲಿಂದ ಅದನ್ನ ಹೇಳಾಕತ್ತೀನಲ್ರಿ ಯಕ್ಕಾ. ಮಾತಾಡಂಗಿಲ್ರಿ ಅವರು. ಡಾಕ್ಟರ್ ಮಾತಾಡಬ್ಯಾಡ ಅಂದಾರ. ಗಂಟಲಾಗ ಗಂಟು ಆಗೇತಿ. ಚೀಟಿ ಬರದು ನನಗ ಕೆಲಸ ಹೇಳ್ತಾರ, ನನಗ ಓದಾಕ ಬರಂಗಿಲ್ಲ, ಕೈಸನ್ನಿ ಮಾಡ್ತಾರ’ ಅಂದಳು.

ಮಾತಾಡಲಾಗದ ತಂಗಿಯನ್ನು ನಾನು ‘ದೊಡ್ಡವಳಾದೆಯಾ’ ಅಂತ ಕೇಳಿದೆ. ಕುಡಿಯುತ್ತೀಯಾ ಅಂತ ಕೇಳಿದೆ. ಏನಾಗಿದೆ ನಿನಗೆ? ಎಲ್ಲ ಬರಿ. ಒಂದೂ ಮುಚ್ಚಿಡಬೇಡ. ಮೇಲೆ ಸೌಭಾಗ್ಯವತಿ ಅಂತ ಬರೆದರೆ ಹರಿದು ಹಾಕುತ್ತೇನೆ.

ಅಕ್ಕ


ಮುಂಬೈ
19 ಏಪ್ರಿಲ್ 2004

ಅಕ್ಕಾ,

ಹೋದ ದೀಪಾವಳಿಗೆ ಪುಣೆಯಲ್ಲಿ ದೊಡ್ಡ ಕಾರ್ಯಕ್ರಮವಿತ್ತು. ನಾಲ್ಕು ದಿನದಿಂದ ಗಂಟಲು ಕಟ್ಟಿತ್ತು. ಕಷಾಯ ಕುಡಿದು ಹತ್ತಿದೆ. ಕೊನೆಯ ಹಾಡಿನಲ್ಲಿ ಮೇಲಿನ ಸ್ವರಕ್ಕೆ ಹೋದೆ ನೋಡು, ಒಳಗೆ ಬಟ್ಟೆ ಹರಿದ ಹಾಗಾಯಿತು. ಬಾಯಿ ತೆರೆದಿದೆ, ದನಿಯಿಲ್ಲ. ಜನ ಮೈಕು ಕೆಟ್ಟಿತು ಅಂದುಕೊಂಡು ಸಿಳ್ಳೆ ಹಾಕಿದರು. ನಾನೂ ಮೈಕನ್ನು ತಟ್ಟಿ ನಕ್ಕೆ.

ಇಲ್ಲಿನ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಬಿಟ್ಟು ತೋರಿಸಿದರು. ಸ್ವರ ಹುಟ್ಟುವ ಎರಡು ತಂತುಗಳಿವೆ, ಅವುಗಳಲ್ಲೊಂದರ ಮೇಲೆ ಗಂಟು, ಪಕ್ಕದಲ್ಲಿ ರಕ್ತ. ಆಪರೇಷನ್ ಆಗಬೇಕು. ಮಾತಿಗೇನೂ ತೊಂದರೆಯಾಗಲಿಕ್ಕಿಲ್ಲ, ಹಾಡಿಗೆ ಭರವಸೆ ಕೊಡಲಾರೆ ಅಂದರು. ಅಲ್ಲಿಯವರೆಗೆ ಮಾತು ಬೇಡ, ಹಾಡಂತೂ ಬೇಡವೇ ಬೇಡ.

ಅವತ್ತು ಅಲ್ಲಿಂದ ಸೀದಾ ಕೈತಾನ್ ಅಂಕಲ್ ಮನೆಗೆ ಹೋದೆ. ಒಂದು ಹಾಡಿಗೆ ಅವರನ್ನು ಕರೆಸಿದ್ದಾಗಿನ ಪರಿಚಯ, ಅಷ್ಟೆ. ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ಓದಿ ಒಂದು ರೆಕಾರ್ಡ್ ಹಾಕಿದರು. ಹಾಡುವವಳ ದನಿ ಪೂರ್ತಿ ಹಾಳಾಗಿದೆ, ಅಕ್ಕಾ. ಉಸಿರು ಸಾಲುತ್ತಿಲ್ಲ, ಸ್ವರ ನಿಲ್ಲುತ್ತಿಲ್ಲ. ಆದರೂ ಅವಳು ಅದನ್ನು ಮುಚ್ಚಿಡುತ್ತಿಲ್ಲ. ಇಷ್ಟೇ ಉಳಿದಿದೆ, ತಗೊಳ್ಳಿ ಅಂತ ಎದುರಿಗೆ ಇಡುತ್ತಿದ್ದಾಳೆ. ನಾನು ಚಿಕ್ಕಂದಿನಿಂದ ಕಲಿತದ್ದೆಲ್ಲ ದನಿಯ ಒಡಕು ಮುಚ್ಚುವುದನ್ನೇ. ಅವತ್ತು ಅಲ್ಲಿ ಕೂತು ಅತ್ತೆ. ಆಪರೇಷನ್ನಿಗೆ ಮೊದಲು ಹೀಗೆ ಒಂದು ಆಲ್ಬಮ್ ಹಾಡಿಬಿಡಬೇಕು, ಆಮೇಲೆ ದನಿ ಬಂದರೆ ಬರಲಿ, ಹೋದರೆ ಹೋಗಲಿ ಅನಿಸಿತು.

ಡಾಕ್ಟರು ಬೈದು ಕಳಿಸಿದರು. ಕಂಪನಿಗೆ ನಾನು ಹೇಳಲೇ ಇಲ್ಲ. ದಿನವೆಲ್ಲ ಬಾಯಿ ಮುಚ್ಚಿಕೊಂಡಿದ್ದು ಹಾಡುವ ಹೊತ್ತಿಗಷ್ಟೇ ತೆರೆಯುತ್ತಿದ್ದೆ. ಗಂಟು ಈಗ ದೊಡ್ಡದಾಗಿದೆ. ಆಪರೇಷನ್ ಮೇ 24ಕ್ಕೆ.

ನಿಮ್ಮ ಮನೆಗೆ ಸಂಜೆ ಫೋನ್ ಮಾಡುತ್ತಿದ್ದ ಪೋಲಿ ನಾನೇ. ನೀನು ‘ಯಾರ್ರೀ?’ ಅನ್ನುವುದನ್ನು ಕೇಳಿ ಇಡುತ್ತಿದ್ದೆ. ರತ್ನಳಿಗೆ ಅದಕ್ಕಾಗಿ ಬೈಗುಳ ಬಿದ್ದಿದ್ದರೆ ಕ್ಷಮೆ ಕೇಳಿದೆ ಅಂತ ಹೇಳು.

ಮದುವೆಗೆ ನೀನು ಕರೆದಿದ್ದರೂ ಬರುವುದು ನನ್ನಿಂದ ಆಗುತ್ತಿರಲಿಲ್ಲ. ಆದ್ದರಿಂದ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ಮಾವ ಹಾಗೆ ಅಂದಾಗ ನೀನು ಸುಮ್ಮನೆ ಕೂತಿದ್ದೆಯಲ್ಲ, ಅದು ನನ್ನ ಗಂಟಲಿಗಿಂತ ಹೆಚ್ಚು ನೋಯುತ್ತಿದೆ. ಒಂದೂ ಮುಚ್ಚಿಡಬೇಡ ಅಂದೆಯಲ್ಲ, ಅದಕ್ಕೆ ಬರೆದೆ.

ಸುಕ್ಕು


ಹೂವಿನಹಡಗಲಿ
4 ಮೇ 2004

ಸುಕ್ಕೂ,

ಇಪ್ಪತ್ತೆರಡಕ್ಕೆ ನಾನು ಮುಂಬೈಯಲ್ಲಿರುತ್ತೇನೆ. ಹುಬ್ಬಳ್ಳಿಯಿಂದ ಬಸ್ಸು. ಟಿಕೆಟ್ ಆಗಿದೆ. ಆಸ್ಪತ್ರೆಯಲ್ಲಿ ನಿನ್ನ ಹತ್ತಿರ ನಾನೇ ಇರುತ್ತೇನೆ, ಎರ್ರೆಮ್ಮನಿಗೆ ಹೇಳು. ಅವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತೇನೆ ಅನ್ನುತ್ತಿದ್ದಾಳೆ. ಆಪರೇಷನ್ ಆದವಳು ರೊಟ್ಟಿ ಹೇಗೆ ತಿನ್ನುತ್ತಾಳೆ ಅಂದರೆ ಕೇಳುತ್ತಿಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ಬಿಸಿಲು ವಿಪರೀತ. ನೀನು ಯಾವ ಚಿಂತೆಯನ್ನೂ ಮಾಡಬೇಡ.

ಅಕ್ಕ


ಮುಂಬೈ
10 ಮೇ 2004

ಅಕ್ಕಾ,

ಮೇ ಕೊನೆಗೆ ಮಗಳ ಲಗ್ನ. ಇಪ್ಪತ್ತೆರಡಕ್ಕೆ ತಾಯಿ ಮುಂಬೈಯ ಆಸ್ಪತ್ರೆಯಲ್ಲಿ. ಇದು ಹೇಗೆ ಸಾಧ್ಯ? ಕಾಗದದ ತುಂಬ ಹುಡುಕಿದೆ, ಮದುವೆಯ ಸುದ್ದಿಯೇ ಇಲ್ಲ.

ಏನಾಯಿತು? ಏನು ಮಾಡಿದೆ ನೀನು?

ಸುಕ್ಕು


ಹೂವಿನಹಡಗಲಿ
15 ಮೇ 2004

ಸುಕ್ಕೂ,

ಆಪರೇಷನ್ ಆಗುವವರೆಗೆ ನಿನಗೆ ಹೇಳಬಾರದು ಅಂದುಕೊಂಡಿದ್ದೆ. ಮುಚ್ಚಿಡುವುದಕ್ಕೆ ನನಗೂ ಬರುವುದಿಲ್ಲ.

ಏಪ್ರಿಲ್ ಕೊನೆಗೆ ಎರಡೂ ಕಡೆಯವರು ದಾವಣಗೆರೆಗೆ ಜವಳಿ ತೆಗೆಯಲು ಹೋಗಿದ್ದೆವು. ನಿನ್ನ ಕಾಗದ ಹಿಂದಿನ ದಿನ ಬಂದಿತ್ತು. ಧಾರೆಯ ಸೀರೆ ಆರಿಸಿ ಆಯಿತು. ಬಂಧು ಬಳಗಕ್ಕೆ ಕೊಡುವ ಸೀರೆಗಳನ್ನು ಹರವಿದ್ದರು. ‘ಕುಡ್ದಿರೋ ದನಿ’ ಅಂದಿದ್ದ ಆ ಹಿರಿಯ ಹೆಂಗಸು ಬೆರಳು ಮಡಿಚುತ್ತ, ‘ಹೆಣ್ಣಿನ ಸ್ವಾದರತ್ತೆಗೊಂದು, ಅಜ್ಜಿಗೊಂದು. ಚಿಕ್ಕಮ್ಮ ಇದಾರಾ?’ ಅಂದರು. ಇವರು, ‘ಇಲ್ರಿ’ ಅಂದರು.

ನನಗೆ ತಡೆಯಲಾಗಲಿಲ್ಲ. ‘ಅದಾಳ್ರಿ. ನನ್ನ ಒಡಹುಟ್ಟಿದ ತಂಗಿ. ನಿಮ್ಮೂರ ಬಸ್ ಸ್ಟ್ಯಾಂಡಿನಾಗ ಆಕೀದು ಪೋಸ್ಟರ್ ಐತಲ್ರಿ, ಆಕಿ. ಆಕಿ ಕುಡಿಯಂಗಿಲ್ಲ, ಗಂಟಲಾಗ ಗಂಟು ಆಗೇತಿ’ ಅಂದೆ. ಗುರುಸಂಗಪ್ಪನವರು ಸಾವಕಾಶವಾಗಿ ಕನ್ನಡಕ ತೆಗೆದು ಇವರ ಕಡೆ ನೋಡಿ, ‘ನೀವು ದೂರದ ಸಂಬಂಧ ಅಂದ್ರಲ್ಲ ಸೋಮಶೇಖರ್?’ ಅಂದರು. ಆ ಮನುಷ್ಯ ಕೂಗಾಡಲಿಲ್ಲ. ‘ಹಾಡೋರು ಇರ್ಲಿ, ಕುಣಿಯೋರು ಇರ್ಲಿ, ಅದು ಬೇರೆ ಮಾತು. ಮೊದಲ್ನೇ ದಿನಾನೇ ಸುಳ್ಳು ಹೇಳಿದ ಮನೆಯಿಂದ ಹೆಣ್ಣು ತರೋದು ಹೆಂಗೆ?’ ಅಂದು ಎದ್ದರು. ಅಂಗಡಿಯ ಹುಡುಗರು ಸೀರೆ ಮಡಿಚತೊಡಗಿದರು.

ಅವರು ಹೇಳಿದ ಕಾರಣ ಅದೇ ಇರಬಹುದು, ಆ ಪೋಸ್ಟರೇ ಇರಬಹುದು. ನನಗೆ ಗೊತ್ತಿಲ್ಲ. ಹುಡುಗನಿಂದ ಒಂದು ಮಾತೂ ಬರಲಿಲ್ಲ. ರತ್ನ ಹದಿನೈದು ದಿನ ಅವನ ಫೋನಿಗೆ ಕಾದಳು. ಈಗ ಕಾಯುತ್ತಿಲ್ಲ. ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಇವರೂ ಅಷ್ಟೆ, ‘ಮದುವಿ ಮುಗಿಯೋತನಕ ಬಾಯಿ ಮುಚ್ಚಿಕೊಂಡಿರಾಕ ಆಗಲಿಲ್ಲೇನು ನಿನಗ?’ ಅಂದದ್ದೇ ಕೊನೆ.

ನಾನು ಮಾಡಿದ್ದು ಸರಿಯೋ ತಪ್ಪೋ ನನ್ನನ್ನು ಕೇಳಬೇಡ. ಆ ಕ್ಷಣದಲ್ಲಿ ಮಗಳ ನೆನಪೇ ಬರಲಿಲ್ಲ ನನಗೆ, ಅದೊಂದು ಚುಚ್ಚುತ್ತದೆ. ಇದನ್ನು ನಿನ್ನ ತಲೆಗೆ ಕಟ್ಟಿಕೊಂಡು ಆಪರೇಷನ್ ಮುಂದೆ ಹಾಕಬೇಡ. ಹಾಕಿದರೆ ಮದುವೆಯೂ ಹೋಗಿ ನಿನ್ನ ದನಿಯೂ ಹೋದ ಹಾಗೆ.

ಬರುತ್ತಿದ್ದೇನೆ.

ಅಕ್ಕ


ಮುಂಬೈ
28 ಆಗಸ್ಟ್ 2004

ಅಕ್ಕಾ,

ನೀನು ಹೋಗಿ ಎರಡು ತಿಂಗಳ ಮೇಲಾಯಿತು. ನೀನು ತೊಳೆದಿಟ್ಟ ಡಬ್ಬಿಗಳ ಜಾಗ ಬದಲಿಸಲು ಎರ್ರೆಮ್ಮ ಇನ್ನೂ ಬಿಡುವುದಿಲ್ಲ.

ಗಾಯ ಮಾಗಿದೆ. ಈಗ ಮಾತಾಡಬಹುದು, ದಿನಕ್ಕೆ ಇಷ್ಟು ಅಂತ. ನಿನಗೆ ಫೋನ್ ಮಾಡಬಹುದಿತ್ತು. ಆದರೆ ಈ ವಿಷಯವನ್ನು ಬಾಯಲ್ಲಿ ಹೇಳಲು ನಾಚಿಕೆ.

‘ಸಂಜಿಮುಂದ’ ಚೆನ್ನಾಗಿ ಹೋಗಿದೆ. ಯಾರೂ ಅಂದುಕೊಂಡಿರಲಿಲ್ಲ. ಬೆಂಗಳೂರಿನ ಕಾಲೇಜು ಹುಡುಗರು ನಮ್ಮ ಕಡೆಯ ಮಾತನ್ನು ಬಾಯಿಪಾಠ ಮಾಡಿದ್ದಾರಂತೆ. ಕಂಪನಿಯವರು ಎರಡನೆಯ ಭಾಗ ಬೇಕು ಅಂತ ಬಂದರು. ಡಾಕ್ಟರು ಮೆಲ್ಲಗೆ ಹಾಡಲು ಒಪ್ಪಿದ್ದರು. ಹೋದ ವಾರ ಸ್ಟುಡಿಯೋದಲ್ಲಿ ನಿಂತು ಹಾಡಿದೆ.

ದನಿ ಬಂತು, ಅಕ್ಕಾ. ಸಣ್ಣದು, ತೆಳ್ಳಗೆ, ಸ್ವಚ್ಛ. ಮೇಲಿನ ಸ್ವರಗಳಿಲ್ಲ. ಆದರೆ ಒಂದು ಒಡಕೂ ಇಲ್ಲ. ತೊಳೆದ ಲೋಟದ ಹಾಗೆ. ಕೈತಾನ್ ಅಂಕಲ್ ಕಣ್ಣು ಒರೆಸಿಕೊಂಡರು. ಗಾಜಿನ ಆಚೆ ಕಂಪನಿಯವರು ಮುಖ ಮುಖ ನೋಡಿಕೊಂಡರು. ಹೊರಗೆ ಬಂದಾಗ ಅವರಲ್ಲೊಬ್ಬ, ‘ಆ ಒಡಕು ಮತ್ತೆ ಬರೋದಿಲ್ವಾ ಮೇಡಂ?’ ಅಂದ. ಅದು ಕಾಯಿಲೆ, ಈಗ ವಾಸಿಯಾಗಿದೆ ಅಂದೆ. ‘ಒಂದು ನಾಲ್ಕು ದಿನ ಜೋರಾಗಿ ಕೂಗಿ ಅಭ್ಯಾಸ ಮಾಡಿದರೆ?’ ಅಂದ. ಕೆಟ್ಟವನಲ್ಲ ಅವನು. ಹಾಡು ಚೆನ್ನಾಗಿ ಬರಲಿ ಅಂತಲೇ ಹೇಳಿದ.

ನಾಚಿಕೆ ಅದಕ್ಕಲ್ಲ. ಮನೆಗೆ ಬಂದು ‘ಸಂಜಿಮುಂದ’ ಕೇಳಿದೆ. ಆ ಹೆಂಗಸು ನನಗಿಂತ ದೊಡ್ಡ ಹಾಡುಗಾರ್ತಿ. ಅವಳು ನಾನಾಗಿದ್ದೆ, ಈಗ ಅಲ್ಲ. ಮಾರನೆಯ ದಿನ ಸಮುದ್ರದ ಹತ್ತಿರ ಹೋದೆ. ಮಳೆಗಾಲದ ಅಲೆ, ಯಾರಿಗೂ ಕೇಳಿಸುವುದಿಲ್ಲ. ಕೂಗಿದೆ. ಅದರ ಮರುದಿನವೂ ಹೋದೆ. ಗಂಟಲು ಬಿಸಿಯಾಯಿತು. ಇವತ್ತು ಎದ್ದಾಗ ದನಿ ಸ್ವಲ್ಪ ಗೊಗ್ಗರಾಗಿದೆ. ಕೇಳಿ ನನಗೆ ಸಂತೋಷವಾಯಿತು, ಅಕ್ಕಾ. ಆ ಸಂತೋಷ ನೋಡಿ ಹೆದರಿ ನಿನಗೆ ಬರೆಯುತ್ತಿದ್ದೇನೆ.

ರತ್ನ ಹೇಗಿದ್ದಾಳೆ? ನನ್ನ ಹೆಸರು ಹೇಳಬೇಡ, ಸುಮ್ಮನೆ ಹೇಗಿದ್ದಾಳೆ ಬರಿ.

ಸುಕ್ಕು


ಹೂವಿನಹಡಗಲಿ
4 ಸೆಪ್ಟೆಂಬರ್ 2004

ಸುಕ್ಕೂ,

ಕೂಗಬೇಡ. ಉಳಿದದ್ದನ್ನೆಲ್ಲ ಆಮೇಲೆ ಓದು, ಮೊದಲು ಇದನ್ನು ಓದು. ಕೂಗಬೇಡ.

ಫೋನ್ ಮಾಡಿದರೆ ಉತ್ತರ ಕೊಡುತ್ತ ಗಂಟಲಿಗೆ ಇನ್ನಷ್ಟು ದಣಿವು ಮಾಡಿಕೊಳ್ಳುತ್ತೀ ಅಂತಲೇ ಕಾಗದ. ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳುತ್ತಿದ್ದೆ. ಅವ್ವನಿಗೆ ಈಗ ಮೊಣಕಾಲು ಹಿಡಿದಿದೆ, ಎತ್ತಿ ಕೂಡಿಸಬೇಕು. ನಾನು ಮನೆ ಬಿಟ್ಟು ಬರುವ ಹಾಗಿಲ್ಲ. ಏನು ಮಾಡಲಿ, ಯಾರನ್ನು ಕಳಿಸಲಿ ಅಂತ ಅವ್ವನ ಮುಂದೆ ಅಳುತ್ತಿದ್ದೆ. ರತ್ನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ನಾಲ್ಕು ತಿಂಗಳಿಂದ ನನ್ನ ಹತ್ತಿರ ಅವಳು ‘ಊಟ’, ‘ನೀರು’ ಬಿಟ್ಟರೆ ಮಾತಾಡಿಲ್ಲ. ಹಾಡು ಬಂದರೆ ರೇಡಿಯೋ ಬಂದ್ ಮಾಡುತ್ತಾಳೆ, ಯಾರ ಹಾಡೇ ಇರಲಿ. ಹರಪನಹಳ್ಳಿಯ ಆ ಹುಡುಗನಿಗೆ ಶ್ರಾವಣದಲ್ಲಿ ಬೇರೆ ಕಡೆ ನಿಶ್ಚಯವಾಯಿತು. ಸುದ್ದಿ ಬಂದ ದಿನ ಅವಳು ತೋಟಕ್ಕೆ ಹೋಗಿ ಹೆಣ್ಣಾಳುಗಳ ಜೊತೆ ಸಂಜೆಯವರೆಗೆ ಮೊಗ್ಗು ಬಿಡಿಸಿದಳು. ಅಳಲಿಲ್ಲ.

ಅವಳು ಬಾಗಿಲಿಂದಲೇ, ‘ನಾ ಹೋಕ್ಕೀನಿ’ ಅಂದಳು.

‘ಎಲ್ಲಿಗೆ?’ ಅಂದೆ.

‘ಮುಂಬೈಗೆ. ಚಿಗವ್ವನ ಸಲುವಾಗಿ ನನ್ನ ಮದುವಿ ಹೋತು. ಈಗ ಆಕಿ ತನ್ನ ದನೀನೂ ಕೂಗಿ ಕೂಗಿ ಕಳಕೊಂಡ್ರ, ನಂದು ಹೋಗಿದ್ದಕ್ಕ ಏನು ಬೆಲಿ ಬಂತು?’ ಅಂದಳು.

ಇವರು ಬೇಡ ಅಂದರು. ‘ಅಪ್ಪಾಜಿ, ನೀವು ಇಲ್ಲ ಅಂದ್ರಲ್ಲ, ಆ ಚಿಗವ್ವನ ಮನಿಗೇ ಹೊಂಟೀನಿ’ ಅಂದಳು. ಇವರು ಅಂಗಡಿಗೆ ಹೋದವರು ಮಧ್ಯಾಹ್ನ ತಾವೇ ಟಿಕೆಟ್ ತಂದು ಜಗುಲಿಯ ಮೇಲೆ ಇಟ್ಟರು. ಯಾರ ಮುಖವನ್ನೂ ನೋಡಲಿಲ್ಲ.

ಹದಿಮೂರನೆಯ ತಾರೀಖು ಸೋಮವಾರ ಹೊರಡುತ್ತಾಳೆ. ಮನಸ್ಸು ತಿಳಿಯಾಗಿ ಬರುತ್ತಿದ್ದಾಳೆ ಅಂದುಕೊಳ್ಳಬೇಡ. ಅವಳಿಗೆ ನನ್ನ ಮೇಲಿದೆಯಲ್ಲ, ಅಷ್ಟೇ ಸಿಟ್ಟು ನಿನ್ನ ಮೇಲೂ ಇದೆ. ಆ ಸಿಟ್ಟಿನಲ್ಲೇ ಈಗಿನಿಂದಲೇ ಬಟ್ಟೆ ಮಡಿಚಿ ಚೀಲಕ್ಕೆ ತುಂಬುತ್ತಿದ್ದಾಳೆ. ಕೆಲಸ ಹುಡುಕುತ್ತೇನೆ ಅನ್ನುತ್ತಾಳೆ, ಎಷ್ಟು ದಿನ ಇರುತ್ತಾಳೋ ಗೊತ್ತಿಲ್ಲ. ಎರ್ರೆಮ್ಮನಿಗೆ ಹೇಳಿ ಒಂದು ಹಾಸಿಗೆ ಹಾಕಿಸು.

ಬಂದವಳು ಮೊದಲ ದಿನವೇ ನಿನಗೆ ಬೈಯಬಹುದು. ನನಗೆ ಅನ್ನಬೇಕಾದ್ದನ್ನೆಲ್ಲ ನಿನಗೆ ಅನ್ನಬಹುದು. ಅನ್ನಿಸಿಕೋ. ಪೂರ್ತಿ ಮುಗಿಯುವವರೆಗೆ ಕೇಳು. ಉತ್ತರ ಕೊಡಲು ಹೋಗಿ ಗಂಟಲು ದಣಿಸಿಕೊಳ್ಳಬೇಡ.

ಅಕ್ಕ